ಕಾಲಿಗೆ ಕಲ್ಲಾಗುವ ಬ್ರೇಕು

ಮೋಟಾರು ಗಾಡಿಯ ಮಾತು ಬಂದಾಗ ಜನ ಅದರ ಓಟವನ್ನು ಹೊಗಳುತ್ತಾರೆ. ಅದರ ನಿಲುಗಡೆಯನ್ನು ಹೊಗಳುವವರು ಅಪರೂಪ. ಓಡಿದರೆ ಕೀರ್ತಿ ಎಂಜಿನ್ನಿಗೆ, ನಿಲ್ಲದಿದ್ದರೆ ಅಪಕೀರ್ತಿ ಬ್ರೇಕಿಗೆ. ಎಲ್ಲ ಗಾಡಿಗಳಿಗೂ ಸಲ್ಲುವ ಈ ಮಾತು ಅಮೆರಿಕದಲ್ಲಿ ನಡೆಯುವ ‘ಡ್ರ್ಯಾಗ್ ರೇಸ್’ ಎಂಬ ಪಂದ್ಯದ ಗಾಡಿಗಳಲ್ಲಿ ಎದ್ದು ಕಾಣುತ್ತದೆ. ಆ ಗಾಡಿಗಳಿಗೆ ಬರುವ ಒಂದು ರೋಗವುಂಟು: ಬ್ರೇಕಿನ ಪೆಡಲು ಕಾಲಿಗೆ ಕಲ್ಲಿನಂತೆ ಸಿಕ್ಕುತ್ತದೆ, ಎಷ್ಟು ತುಳಿದರೂ ಗಾಡಿ ನಿಲ್ಲಲೊಲ್ಲದು. ಈ ರೋಗ ಏಕೆ ಬರುತ್ತದೆ, ಅದನ್ನು ಪತ್ತೆಹಚ್ಚುವ ಬಗೆ ಯಾವುದು, ಅದಕ್ಕೆ ಚಿಕಿತ್ಸೆ ಏನು ಎಂಬುದನ್ನು ಇಲ್ಲಿ ವಿಚಾರ ಮಾಡೋಣ. ನಮ್ಮ ಮನೆಯ ಮುಂದೆ ನಿಂತಿರುವ ಸಾಧು ಗಾಡಿಗೂ ಇದರಲ್ಲಿ ಒಂದು ಪಾಠವಿದೆ.

ಮೊದಲು ಪಂದ್ಯದ ವಿಷಯ. ಎರಡು ಗಾಡಿಗಳು ಪಕ್ಕಪಕ್ಕದಲ್ಲಿ ನಿಂತ ನೆಲೆಯಿಂದ ಹೊರಟು, ನೇರವಾದ ಹಾದಿಯಲ್ಲಿ ಕಾಲು ಮೈಲಿ, ಅಂದರೆ ೧೩೨೦ ಅಡಿ ಓಡುತ್ತವೆ. ತಿರುವಿಲ್ಲ, ಸುತ್ತಿಲ್ಲ, ಮೊದಲು ಮುಟ್ಟಿದವನು ಗೆದ್ದ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಕ್ಯಾಲಿಫೋರ್ನಿಯದ ತರುಣರು ಹಳೆಯ ಗಾಡಿಗಳನ್ನು ಕೊಂಡು, ಬೇಡದ ಭಾಗಗಳನ್ನು ಕಳಚಿ ಹಗುರ ಮಾಡಿ, ಎಂಜಿನ್ನನ್ನು ಹುರಿಗೊಳಿಸಿ, ಒಣಗಿದ ಕೆರೆಯಂಗಳಗಳಲ್ಲಿಯೂ ಊರಿನ ಬೀದಿಗಳಲ್ಲಿಯೂ ಓಡಿಸುತ್ತಿದ್ದರು. ಬೀದಿಯ ಓಟ ಅಪಾಯದ್ದು. ೧೯೫೦ರಲ್ಲಿ ಸಾಂಟಾ ಆನಾ ಎಂಬ ಊರಿನ ವಿಮಾನ ನಿಲ್ದಾಣದಲ್ಲಿ ಇದಕ್ಕೆಂದೇ ಒಂದು ಹಾದಿ ತೆರೆಯಿತು. ೧೯೫೧ರಲ್ಲಿ ವಾಲಿ ಪಾರ್ಕ್ಸ್ ಎಂಬವರು ‘ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್’ ಎಂಬ ಸಂಸ್ಥೆಯನ್ನು ಕಟ್ಟಿದರು. ಹುಡುಗರನ್ನು ಬೀದಿಯಿಂದ ಬಿಡಿಸಿ, ನಿಯಮಕ್ಕೆ ಒಳಪಟ್ಟ ಹಾದಿಗೆ ತರುವುದು ಅದರ ಹಂಬಲವಾಗಿತ್ತು. ೧೯೫೩ರಲ್ಲಿ ಪೊಮೋನಾದಲ್ಲಿ ಆ ಸಂಸ್ಥೆಯ ಮೊದಲ ಪಂದ್ಯ ನಡೆಯಿತು.

ಈ ಪಂದ್ಯದ ಅತಿ ವೇಗದ ವರ್ಗದ ಗಾಡಿಗಳು ಗಂಟೆಗೆ ೩೩೦ ಮೈಲಿಯ ಗಡಿಯನ್ನೂ ದಾಟಿವೆ. ಅವುಗಳನ್ನು ಚಕ್ರದ ಬ್ರೇಕೊಂದರಿಂದಲೇ ನಿಲ್ಲಿಸಲಾಗದು. ಬೆನ್ನಹಿಂದೆ ಪ್ಯಾರಾಷೂಟುಗಳು ಬಿಚ್ಚಿಕೊಂಡು ಗಾಡಿಯನ್ನು ಹಿಂದಕ್ಕೆ ಜಗ್ಗಬೇಕು. ಗಂಟೆಗೆ ೧೫೦ ಮೈಲಿ ಮುಟ್ಟುವ ಯಾವ ಗಾಡಿಗಾದರೂ ಪ್ಯಾರಾಷೂಟು ಇರಲೇಬೇಕೆಂಬುದು ಆ ಸಂಸ್ಥೆಯ ನಿಯಮ. ೨೦೦೮ರ ಜೂನ್ ೨೧ರಂದು ನ್ಯೂಜೆರ್ಸಿಯ ಇಂಗ್ಲಿಷ್‌ಟೌನಿನ ಹಾದಿಯಲ್ಲಿ ಸ್ಕಾಟ್ ಕಲಿಟ ಎಂಬ ಹೆಸರಾಂತ ಓಟಗಾರನ ಎಂಜಿನ್ನು ಓಟದ ಕೊನೆಯಲ್ಲಿ ಸಿಡಿಯಿತು. ಪ್ಯಾರಾಷೂಟುಗಳು ಕೆಲಸಕ್ಕೆ ಬರಲಿಲ್ಲ. ಗಾಡಿ ನಿಲುಗಡೆಯ ಜಾಗವನ್ನು ಮೀರಿ ಹೋಗಿ ಆತ ಸತ್ತ. ಮುಂದಿನ ತಿಂಗಳಿನಿಂದಲೇ ಅತಿ ವೇಗದ ಎರಡು ವರ್ಗಗಳ ಓಟವನ್ನು ೧೩೨೦ ಅಡಿಯಿಂದ ೧೦೦೦ ಅಡಿಗೆ ಇಳಿಸಿದರು. ಓಟವನ್ನು ಮೊಟಕುಮಾಡಿ ನಿಲುಗಡೆಗೆ ಜಾಗ ಕೊಟ್ಟರು ಎಂಬುದನ್ನು ಗಮನಿಸಬೇಕು.

ಆದರೆ ನಾವು ಇಲ್ಲಿ ನೋಡಹೊರಟಿರುವುದು ಆ ದೈತ್ಯರನ್ನಲ್ಲ. ವಾರವಿಡೀ ಉದ್ಯೋಗ ಮಾಡಿ, ರಜಾದಿನ ತಮ್ಮದೇ ಗಾಡಿಯನ್ನು ಹುರಿಗೊಳಿಸಿ ಪಂದ್ಯಕ್ಕೆ ತರುವ ಸಾಮಾನ್ಯರ ಸಂಖ್ಯೆ ಅಲ್ಲಿ ದೊಡ್ಡದು. ಮೂಲತಃ ರಸ್ತೆಗಾಗಿ ತಯಾರಾದ ಇಂಥ ಗಾಡಿ ಕಾಲು ಮೈಲಿಯ ಕೊನೆಗೆ ಗಂಟೆಗೆ ೧೨೦ ಮೈಲಿ ಮುಟ್ಟಿತೆನ್ನೋಣ. ವೇಗ ಇಮ್ಮಡಿಯಾದರೆ ಬ್ರೇಕು ಹೀರಬೇಕಾದ ಶಕ್ತಿ ನಾಲ್ಮಡಿಯಾಗುತ್ತದೆ. ೬೦ ಮೈಲಿ ವೇಗದಲ್ಲಿ ಒಪ್ಪವಾಗಿ ನಿಲ್ಲಿಸುತ್ತಿದ್ದ ಬ್ರೇಕಿಗೆ ಈಗ ನಾಲ್ಕರಷ್ಟು ಕೆಲಸ. ಹುರಿಗೊಳಿಸುವ ಕೆಲಸವೆಲ್ಲ ಎಂಜಿನ್ನಿಗೆ ನಡೆದಿರುತ್ತದೆ. ಬ್ರೇಕು ಮಾತ್ರ ಹಳೆಯದೇ. ಅಷ್ಟೇ ಅಲ್ಲ, ಎಂಜಿನ್ನಿಗೆ ಮಾಡಿದ ಉಪಕಾರವೇ ಬ್ರೇಕಿಗೆ ಅಪಕಾರವಾಗಿರುತ್ತದೆ. ಅದು ಹೇಗೆ ಎಂದು ತಿಳಿಯಲು ಬ್ರೇಕಿನ ಒಳಗನ್ನು ಸ್ವಲ್ಪ ನೋಡಬೇಕು.

ಮನುಷ್ಯನ ಕಾಲಿನ ಬಲ ಅಲ್ಪ. ಟನ್ನುಗಟ್ಟಲೆ ತೂಗುವ ಗಾಡಿಯನ್ನು ಅದು ನಿಲ್ಲಿಸಬೇಕಾದರೆ ಆ ಬಲವನ್ನು ಹೆಚ್ಚಿಸುವವರು ನಡುವೆ ಇರಬೇಕು. ಅಂಥ ಸಹಾಯಕರು ಮೂವರು.

ಮೊದಲನೆಯವನು ಸನ್ನೆಗೋಲು. ಹಾರೆಯ ತುದಿಯನ್ನು ಬಂಡೆಯಡಿಗೆ ತೂರಿಸಿ ಇನ್ನೊಂದು ತುದಿಯನ್ನು ಅದುಮಿದರೆ ಬಂಡೆ ಏಳುತ್ತದಲ್ಲವೆ? ಪೆಡಲೂ ಅಂಥದೇ. ಕಾಲಿಡುವ ಜಾಗ ಕೀಲಿನಿಂದ ಆರು ಪಾಲು ದೂರ, ಒಳಗಿನ ದಬ್ಬುಗೋಲು ಒಂದು ಪಾಲು ದೂರ ಇದ್ದರೆ, ೧೦೦ ಪೌಂಡಿನ ತುಳಿತ ೬೦೦ ಪೌಂಡಾಗುತ್ತದೆ.

ಎರಡನೆಯವನು ದ್ರವ. ಮುಚ್ಚಿದ ಪಾತ್ರೆಯ ದ್ರವದ ಮೇಲೆ ಒಂದೆಡೆ ಹೇರಿದ ಒತ್ತಡ ಎಲ್ಲೆಡೆಗೂ ಸಮನಾಗಿ ಹರಡುತ್ತದೆ ಎಂದು ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಪಾಸ್ಕಲ್ ತೋರಿಸಿಕೊಟ್ಟ. ಪೆಡಲಿನ ದಬ್ಬುಗೋಲು ‘ಮಾಸ್ಟರ್ ಸಿಲಿಂಡರ್’ ಎಂಬ ಕೊಳವೆಯ ಪಿಸ್ಟನ್ನನ್ನು ತಳ್ಳುತ್ತದೆ. ಅದರೊಳಗಿನ ಬ್ರೇಕ್ ಆಯಿಲ್ ಸಣ್ಣ ಕೊಳವೆಗಳ ಮೂಲಕ ಚಕ್ರಗಳ ಬಳಿಯ ಪಿಸ್ಟನ್ನುಗಳನ್ನು ನೂಕುತ್ತದೆ. ಇಲ್ಲಿ ಒಂದು ಸೂಕ್ಷ್ಮವುಂಟು. ಮಾಸ್ಟರ್ ಸಿಲಿಂಡರಿನ ಕೊಳವೆ ಕಿರಿದಾದಷ್ಟೂ ಅದೇ ಬಲಕ್ಕೆ ಏಳುವ ಒತ್ತಡ ಹೆಚ್ಚು. ದೊಡ್ಡ ಸಿರಿಂಜಿನ ಹಿಡಿಯನ್ನು ಒತ್ತುವುದಕ್ಕಿಂತ ಸಣ್ಣ ಸಿರಿಂಜಿನದು ಹಗುರ. ಆದರೆ ಸಣ್ಣದರಲ್ಲಿ ಅಷ್ಟೇ ಔಷಧಿ ಹೊರಬರಲು ಹಿಡಿ ಹೆಚ್ಚು ದೂರ ಸರಿಯಬೇಕು. ಬಲ ಲಾಭವಾದಲ್ಲಿ ದೂರ ನಷ್ಟ, ಇದಕ್ಕೆ ವಿನಾಯಿತಿಯಿಲ್ಲ.

ಮೂರನೆಯವನು ನಮ್ಮನ್ನು ಸದಾ ಸುತ್ತಿಕೊಂಡಿರುವ ಗಾಳಿ. ಗಾಳಿಗೆ ಭಾರವಿದೆಯೆಂದು ೧೬೪೩ರಲ್ಲಿ ಇಟಲಿಯ ಟಾರಿಚೆಲ್ಲಿ ಪಾದರಸದ ಕೊಳವೆಯಿಂದ ತೋರಿಸಿದ. ಸಮುದ್ರಮಟ್ಟದಲ್ಲಿ ಅದು ಪ್ರತಿ ಚದರ ಅಂಗುಲವನ್ನೂ ೧೪.೭ ಪೌಂಡು ಬಲದಿಂದ ಒತ್ತುತ್ತಿರುತ್ತದೆ. ಎಲ್ಲ ಕಡೆಯಿಂದಲೂ ಸಮನಾಗಿ ಒತ್ತುವುದರಿಂದ ನಮಗೆ ತಿಳಿಯುವುದಿಲ್ಲ. ಒಂದು ಬದಿಯ ಗಾಳಿಯನ್ನು ಹೀರಿ ತೆಗೆದರೆ ಆಗ ಇನ್ನೊಂದು ಬದಿಯ ಗಾಳಿಯ ಪ್ರತಾಪ ಹೊರಬೀಳುತ್ತದೆ. ಗಾಡಿಯ ‘ಬೂಸ್ಟರ್’ ಮಾಡುವುದು ಇದನ್ನೇ. ಅದು ಊಟದ ತಟ್ಟೆಯಷ್ಟು ಅಗಲದ ತಗಡಿನ ಡಬ್ಬಿ. ನಡುವೆ ಒಂದು ರಬ್ಬರಿನ ಪೊರೆ. ಕಾಲು ತೆಗೆದಿರುವಾಗ ಪೊರೆಯ ಎರಡು ಬದಿಯಲ್ಲಿಯೂ ನಿರ್ವಾತವಿರುತ್ತದೆ. ಪೆಡಲನ್ನು ತುಳಿದೊಡನೆ ಒಂದು ಪುಟ್ಟ ವಾಲ್ವು ತೆರೆದು ಹಿಂಬದಿಗೆ ಹೊರಗಿನ ಗಾಳಿಯನ್ನು ಬಿಡುತ್ತದೆ; ಗಾಳಿ ಪೊರೆಯನ್ನು ಮುಂದಕ್ಕೆ ತಳ್ಳಿ ನಮ್ಮ ಕಾಲಿಗೆ ಕೈಜೋಡಿಸುತ್ತದೆ.

ಈ ನಿರ್ವಾತ ಬರುವುದೆಲ್ಲಿಂದ? ಪೆಟ್ರೋಲು ಎಂಜಿನ್ನಿನಿಂದಲೇ. ಪಿಸ್ಟನ್ನುಗಳು ಗಾಳಿಯನ್ನು ಹೀರುತ್ತಿರುತ್ತವೆ. ಆಕ್ಸಿಲರೇಟರು ಬಿಟ್ಟಾಗ ಗಾಳಿಯ ಬಾಗಿಲು ಹೆಚ್ಚುಕಡಿಮೆ ಮುಚ್ಚಿರುತ್ತದೆ. ಹೀರುವಿಕೆ ಉಂಟು, ಒಳಬರುವ ದಾರಿಯಿಲ್ಲ. ಆದ್ದರಿಂದ ಒಳಹಾದಿಯ ಕೊಳವೆಯಲ್ಲಿ ನಿರ್ವಾತ ಏರ್ಪಡುತ್ತದೆ. ಇದನ್ನು ಪಾದರಸದ ಅಂಗುಲಗಳಲ್ಲಿ ಅಳೆಯುವುದು ವಾಡಿಕೆ. ಆರೋಗ್ಯವಾದ ಸಾಧಾರಣ ಎಂಜಿನ್ನು ಸುಮ್ಮನೆ ತಿರುಗುತ್ತಿರುವಾಗ, ಮೆಕ್ಯಾನಿಕ್ಕುಗಳು ‘ಐಡ್ಲಿಂಗ್’ ಎನ್ನುವ ಸ್ಥಿತಿಯಲ್ಲಿ, ೧೮ರಿಂದ ೨೦ ಅಂಗುಲ ನಿರ್ವಾತ ಕೊಡುತ್ತದೆ.

ಈಗ ರೋಗದ ಮೂಲಕ್ಕೆ ಬರೋಣ. ಎಂಜಿನ್ನನ್ನು ಪಂದ್ಯಕ್ಕೆ ಹುರಿಗೊಳಿಸುವವರು ಮೊದಲು ಬದಲಾಯಿಸುವ ಭಾಗಗಳಲ್ಲಿ ಒಂದು ‘ಕ್ಯಾಮ್ ಶಾಫ್ಟ್’. ವಾಲ್ವುಗಳು ಯಾವಾಗ ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನು ನಿರ್ಣಯಿಸುವ ದಂಡ ಅದು. ಪಂದ್ಯದ ಕ್ಯಾಮು ವಾಲ್ವುಗಳನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ; ಒಳಬಾಗಿಲು ಮತ್ತು ಹೊರಬಾಗಿಲು ಎರಡೂ ಒಟ್ಟಿಗೆ ತೆರೆದಿರುವ ಅವಧಿಯೂ ದೊಡ್ಡದಾಗುತ್ತದೆ. ಅತಿ ವೇಗದಲ್ಲಿ ಇದರಿಂದ ಎಂಜಿನ್ನಿಗೆ ಉಸಿರು ಹೆಚ್ಚು. ಆದರೆ ನಿಧಾನವಾಗಿ ತಿರುಗುವಾಗ, ಎರಡು ಬಾಗಿಲೂ ತೆರೆದ ಮನೆಯಲ್ಲಿ ಒಲೆಯ ಹೊಗೆ ತಿರುಗಿ ಒಳಬರುವಂತೆ, ಸುಟ್ಟ ಅನಿಲ ಒಳಹಾದಿಗೆ ಹಿಮ್ಮೆಟ್ಟುತ್ತದೆ, ನಿರ್ವಾತ ಕುಸಿಯುತ್ತದೆ. ೨೦ ಅಂಗುಲವಿದ್ದದ್ದು ೮ಕ್ಕೆ ಇಳಿಯುವುದು ಅಪರೂಪವೇನಲ್ಲ.

ಇದರ ಪರಿಣಾಮವನ್ನು ಲೆಕ್ಕ ಹಾಕಿ ನೋಡಬಹುದು. ಎಂಟು ಅಂಗುಲ ಅಡ್ಡಳತೆಯ ಪೊರೆಯ ವಿಸ್ತೀರ್ಣ ಸುಮಾರು ೫೦ ಚದರ ಅಂಗುಲ. ನಿರ್ವಾತ ೨೦ ಅಂಗುಲವಿದ್ದಾಗ ಪ್ರತಿ ಚದರ ಅಂಗುಲಕ್ಕೆ ಸುಮಾರು ೧೦ ಪೌಂಡು, ಒಟ್ಟು ಹತ್ತಿರ ಹತ್ತಿರ ೫೦೦ ಪೌಂಡಿನ ನೆರವು ಸಿಕ್ಕುತ್ತದೆ. ನಿರ್ವಾತ ೮ ಅಂಗುಲಕ್ಕೆ ಇಳಿದರೆ ನೆರವು ೨೦೦ ಪೌಂಡಿಗೆ ಇಳಿಯುತ್ತದೆ. ಉಳಿದ ೩೦೦ ಪೌಂಡಿನ ಹೊರೆ ಸವಾರನ ಕಾಲಿನ ಪಾಲಿಗೆ ಬಂತು. ಪೆಡಲು ಕಲ್ಲಾಯಿತು ಎಂದರೆ ಇದೇ. ಕಲ್ಲಾದದ್ದು ಪೆಡಲಲ್ಲ, ಸಹಾಯಕ್ಕೆ ನಿಂತಿದ್ದವನು ಕೈಬಿಟ್ಟಿದ್ದಾನೆ.

ಇದರ ತೊಂದರೆ ಮೊದಲು ಕಾಣಿಸುವುದು ಹೊರಡುವ ಗೆರೆಯಲ್ಲಿ. ಆಟೋಮ್ಯಾಟಿಕ್ ಗೇರಿನ ಗಾಡಿಯ ಸವಾರ ಎಡಗಾಲಿನಲ್ಲಿ ಬ್ರೇಕು ಒತ್ತಿ ಹಿಡಿದು, ಬಲಗಾಲಿನಲ್ಲಿ ಎಂಜಿನ್ನನ್ನು ಏರಿಸಿ, ದೀಪದ ಸಂಜ್ಞೆಗೆ ಕಾಯುತ್ತಾನೆ. ಆಕ್ಸಿಲರೇಟರು ಒತ್ತಿದೊಡನೆ ಇದ್ದ ನಿರ್ವಾತವೂ ಇಳಿಯುತ್ತದೆ. ಬ್ರೇಕು ಹಿಡಿತ ಬಿಟ್ಟು ಗಾಡಿ ತೆವಳಿ ಮುಂದೆ ಸರಿದರೆ ಓಟವೇ ಹೋಯಿತು. ಓಟದ ಕೊನೆಯಲ್ಲಿ ಇನ್ನೊಂದು ವಿಚಿತ್ರ. ಅತಿ ವೇಗದಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಎಂಜಿನ್ನು ಬಲವಾಗಿ ಹೀರುವುದರಿಂದ ಒಳ್ಳೆಯ ನಿರ್ವಾತವೇ ಸಿಕ್ಕುತ್ತದೆ. ಬ್ರೇಕು ಚೆನ್ನಾಗಿ ಹಿಡಿಯುತ್ತದೆ. ‘ಕೊನೆಯಲ್ಲಿ ಹಿಡಿಯಿತಲ್ಲ, ಇನ್ನೇನು ಚಿಂತೆ’ ಎಂದು ಸವಾರ ಸಮಾಧಾನ ಪಟ್ಟುಕೊಳ್ಳುತ್ತಾನೆ. ಆದರೆ ಎಂಜಿನ್ನು ಕೆಟ್ಟು ನಿಂತ ದಿನ ಆ ಸಮಾಧಾನ ಉಳಿಯುವುದಿಲ್ಲ. ಆಗ ಬೂಸ್ಟರಿನಲ್ಲಿ ಕೂಡಿಟ್ಟ ನಿರ್ವಾತ ಎರಡು ಮೂರು ತುಳಿತಕ್ಕೆ ಮಾತ್ರ ಸಾಕು. ಕಾಲನ್ನು ಎತ್ತಿ ಎತ್ತಿ ತುಳಿದರೆ ಅದೂ ಮುಗಿಯುತ್ತದೆ. ಅಂಥ ವೇಳೆಯಲ್ಲಿ ಒಮ್ಮೆ ತುಳಿದು, ಹಾಗೆಯೇ ಒತ್ತಿ ಹಿಡಿಯುವುದೇ ಜಾಣತನ.

ಇನ್ನು ರೋಗಪರೀಕ್ಷೆ. ಪೆಡಲು ಮೆತ್ತಗಾಗಿ ಸ್ಪಂಜಿನಂತೆ ಒಳಗೆ ಹೋದರೆ ಬ್ರೇಕ್ ಆಯಿಲಿನಲ್ಲಿ ಗಾಳಿ ಸೇರಿದೆ ಎಂದರ್ಥ. ಗಾಳಿ ತೆಗೆದರೆ ಸರಿಹೋಗುತ್ತದೆ. ಗಟ್ಟಿ ಪೆಡಲಿನ ರೋಗ ಬೇರೆ. ಅದಕ್ಕೂ ಗಾಳಿ ತೆಗೆಯುತ್ತ ಕೂರುವುದು ತಲೆನೋವಿಗೆ ಹೊಟ್ಟೆಯ ಔಷಧಿ ಕೊಟ್ಟಂತೆ. ಮಾಡಬೇಕಾದ ಪರೀಕ್ಷೆಗಳು ಸರಳವಾದವು. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡ ಕೊಟ್ಟು, ಗೇರು ನ್ಯೂಟ್ರಲ್ಲಿನಲ್ಲಿಡಬೇಕು; ಆಟೋಮ್ಯಾಟಿಕ್ ಆದರೆ ‘ಪಾರ್ಕ್’ನಲ್ಲಿಡಬೇಕು.

ಒಂದನೆಯದು: ಎಂಜಿನ್ನು ನಿಲ್ಲಿಸಿ, ಪೆಡಲನ್ನು ಐದಾರು ಸಲ ತುಳಿದು ಕೂಡಿಟ್ಟ ನಿರ್ವಾತವನ್ನೆಲ್ಲ ಮುಗಿಸಿ, ಕಾಲನ್ನು ಪೆಡಲಿನ ಮೇಲೆಯೇ ಒತ್ತಿಟ್ಟುಕೊಂಡು ಎಂಜಿನ್ನು ಹಚ್ಚಬೇಕು. ಬೂಸ್ಟರು ಕೆಲಸ ಮಾಡುತ್ತಿದ್ದರೆ ಪೆಡಲು ಕಾಲಿನಡಿಯಲ್ಲಿ ತುಸು ಕುಸಿಯುತ್ತದೆ. ಕುಸಿಯದಿದ್ದರೆ ನೆರವು ಬರುತ್ತಿಲ್ಲ. ಎರಡನೆಯದು: ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ, ನಿಲ್ಲಿಸಿ, ಕೆಲವು ನಿಮಿಷ ಬಿಟ್ಟು ತುಳಿಯಬೇಕು. ಮೊದಲ ತುಳಿತ ಹಗುರವಾಗಿರಬೇಕು. ಮೊದಲನೆಯದೇ ಕಲ್ಲಾಗಿದ್ದರೆ, ಕೂಡಿಟ್ಟದ್ದು ಎಲ್ಲೋ ಸೋರಿದೆ. ಕೊಳವೆಯ ಬಾಯಲ್ಲಿರುವ ಒಂದೇ ದಿಕ್ಕಿನ ವಾಲ್ವನ್ನು ಮೊದಲು ಶಂಕಿಸಬೇಕು. ಮೂರನೆಯದು: ಪೆಡಲು ಒತ್ತಿ ಹಿಡಿದಾಗ ‘ಸುಂಯ್’ ಎಂಬ ಸದ್ದು ನಿಲ್ಲದೆ ಕೇಳಿಸಿದರೆ ಬೂಸ್ಟರಿನ ಪೊರೆ ಹರಿದಿರಬಹುದು. ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ಬೂಸ್ಟರಿಗೆ ಹೋಗುವ ಕೊಳವೆಗೆ ನಿರ್ವಾತದ ಮಾಪಕವನ್ನು ಜೋಡಿಸಿ ಓದಬೇಕು. ಮಾಪಕ ೧೮ ತೋರಿಸಿಯೂ ಪೆಡಲು ಗಟ್ಟಿಯಾಗಿದ್ದರೆ ತಪ್ಪು ಬೂಸ್ಟರಿನದು ಅಥವಾ ಅದರ ಮುಂದಿನದು. ಮಾಪಕವೇ ೮ ತೋರಿಸಿದರೆ ಎಷ್ಟು ಹೊಸ ಬೂಸ್ಟರು ತಂದು ಹಾಕಿದರೂ ಹಣ ದಂಡ.

ನಿರ್ವಾತವೂ ಸರಿ, ಬೂಸ್ಟರೂ ಸರಿ ಎಂದಾದರೆ ಇನ್ನೂ ಕೆಲವು ಸ್ಥಳಗಳನ್ನು ಹುಡುಕಬೇಕು. ಪೆಡಲಿನ ಕೀಲು ತುಕ್ಕು ಹಿಡಿದಿರಬಹುದು. ದಬ್ಬುಗೋಲು ಓರೆಯಾಗಿ ಕೂತು ಬಲವನ್ನು ಪಕ್ಕಕ್ಕೆ ಚೆಲ್ಲುತ್ತಿರಬಹುದು. ಚಕ್ರದ ಬಳಿಯ ಪಿಸ್ಟನ್ನು ಕಚ್ಚಿಕೊಂಡಿರಬಹುದು. ರಬ್ಬರಿನ ಕೊಳವೆ ಒಳಗೇ ಊದಿ ದಾರಿ ಕಟ್ಟಿರಬಹುದು. ಬ್ರೇಕ್ ಪ್ಯಾಡುಗಳನ್ನೂ ಮರೆಯಬಾರದು. ಸುತ್ತು ಹಾದಿಯ ಪಂದ್ಯಕ್ಕೆಂದು ಮಾಡಿದ ಕೆಲವು ಪ್ಯಾಡುಗಳು ಕಾದ ಮೇಲೆಯೇ ಚೆನ್ನಾಗಿ ಹಿಡಿಯುತ್ತವೆ. ಡ್ರ್ಯಾಗ್ ಗಾಡಿಯ ಬ್ರೇಕಿಗೆ ಕಾಯಲು ಅವಕಾಶವೆಲ್ಲಿ? ತಣ್ಣಗಿರುವಾಗಲೇ ಹಿಡಿಯುವ ಪ್ಯಾಡು ಅದಕ್ಕೆ ತಕ್ಕದ್ದು.

ಕೊನೆಗೆ ಚಿಕಿತ್ಸೆ. ಸೋರಿಕೆ, ಹಳೆಯ ಕೊಳವೆ, ಕೆಟ್ಟ ವಾಲ್ವು ಇವುಗಳನ್ನು ಮೊದಲು ಸರಿಪಡಿಸಬೇಕು. ಅಷ್ಟಕ್ಕೂ ನಿರ್ವಾತ ಸಾಲದಿದ್ದರೆ ಮೂರು ದಾರಿಗಳಿವೆ.

ಮೊದಲನೆಯದು ನಿರ್ವಾತವನ್ನು ಕೂಡಿಡುವ ಡಬ್ಬಿ. ಇದು ಅಗ್ಗ, ಆದರೆ ಇದು ಮನೆಯ ಮೇಲಿನ ನೀರಿನ ತೊಟ್ಟಿಯಿದ್ದಂತೆ. ತೊಟ್ಟಿ ನೀರನ್ನು ಇಟ್ಟುಕೊಳ್ಳುತ್ತದೆಯೇ ಹೊರತು ಸೃಷ್ಟಿಸುವುದಿಲ್ಲ. ಎಂಜಿನ್ನು ಎಂದೂ ೮ ಅಂಗುಲಕ್ಕಿಂತ ಹೆಚ್ಚು ಕೊಡದಿದ್ದರೆ ಡಬ್ಬಿಯಲ್ಲಿ ತುಂಬುವುದೂ ಆ ೮ ಅಂಗುಲವೇ. ಎರಡನೆಯದು ವಿದ್ಯುತ್ತಿನಿಂದ ನಡೆಯುವ ನಿರ್ವಾತದ ಪಂಪು. ಇದು ಎಂಜಿನ್ನಿನ ಹಂಗಿಲ್ಲದೆ ಬ್ಯಾಟರಿಯ ಬಲದಿಂದ ಹೀರಿಕೊಡುತ್ತದೆ. ರಸ್ತೆಯಲ್ಲಿಯೂ ಓಡಬೇಕಾದ ಗಾಡಿಗೆ ಇದು ಒಪ್ಪುವ ಉಪಾಯ. ಮೂರನೆಯದು ಬೂಸ್ಟರನ್ನೇ ತೆಗೆದುಹಾಕಿ, ಮೊದಲ ಇಬ್ಬರು ಸಹಾಯಕರನ್ನು ಬಲಪಡಿಸುವುದು. ಹಗುರವಾದ ಪಂದ್ಯದ ಗಾಡಿಗಳಲ್ಲಿ ಬಹುಮಂದಿ ಹಿಡಿಯುವ ದಾರಿ ಇದು.

ಇಲ್ಲಿ ಅರ್ಧ ಕೆಲಸ ಮಾಡಿ ಬಿಟ್ಟವರೇ ಹೆಚ್ಚು ತೊಂದರೆಗೆ ಒಳಗಾಗುತ್ತಾರೆ. ಬೂಸ್ಟರಿದ್ದ ಗಾಡಿಯ ಪೆಡಲಿನ ಸನ್ನೆ ಸುಮಾರು ನಾಲ್ಕಕ್ಕೆ ಒಂದು. ಮಾಸ್ಟರ್ ಸಿಲಿಂಡರು ಒಂದೂ ಎಂಟನೇ ಒಂದು ಅಂಗುಲದ್ದು ಎನ್ನೋಣ. ಬೂಸ್ಟರನ್ನು ಮಾತ್ರ ತೆಗೆದು ೧೦೦ ಪೌಂಡು ತುಳಿದರೆ ದ್ರವದಲ್ಲಿ ಏಳುವ ಒತ್ತಡ ಚದರ ಅಂಗುಲಕ್ಕೆ ಸುಮಾರು ೪೦೦ ಪೌಂಡು. ಸನ್ನೆಯನ್ನು ಆರಕ್ಕೆ ಒಂದು ಮಾಡಿ, ಸಿಲಿಂಡರನ್ನು ಎಂಟನೇ ಏಳು ಅಂಗುಲಕ್ಕೆ ಇಳಿಸಿದರೆ ಅದೇ ತುಳಿತಕ್ಕೆ ಹತ್ತಿರ ಹತ್ತಿರ ೧೦೦೦ ಪೌಂಡು. ಕಾಲು ಅದೇ, ತುಳಿತ ಅದೇ. ಫಲ ಎರಡೂವರೆ ಪಾಲು. ಅದಕ್ಕೆ ತೆರುವ ಬೆಲೆಯೆಂದರೆ ಪೆಡಲು ಎರಡೂವರೆ ಪಾಲು ದೂರ ಇಳಿಯಬೇಕು. ಆದ್ದರಿಂದ ಪ್ಯಾಡುಗಳ ಸಂದು ಬಿಗಿಯಾಗಿರಬೇಕು, ದ್ರವದಲ್ಲಿ ಗಾಳಿ ಇರಕೂಡದು. ಇಲ್ಲದಿದ್ದರೆ ಪೆಡಲು ನೆಲ ಮುಟ್ಟೀತು. ಇನ್ನೊಂದು ಎಚ್ಚರಿಕೆಯ ಮಾತು: ಬೂಸ್ಟರಿಗೆಂದು ಮಾಡಿದ ಸಿಲಿಂಡರಿನ ಪಿಸ್ಟನ್ನಿನಲ್ಲಿ ದಬ್ಬುಗೋಲು ಕೂರುವ ಕುಳಿ ಆಳವಿಲ್ಲದ್ದಾಗಿರಬಹುದು. ಅದನ್ನೇ ಬೂಸ್ಟರಿಲ್ಲದೆ ಬಳಸಿದರೆ ಕೋಲು ಜಾರಿ ಬಿದ್ದು ಬ್ರೇಕೇ ಇಲ್ಲವಾದೀತು. ಆಳವಾದ ಕುಳಿಯ ಸಿಲಿಂಡರನ್ನೇ ಹಾಕಿ, ಕೋಲು ಜಾರದಂತೆ ಭದ್ರಪಡಿಸತಕ್ಕದ್ದು. ಇದನ್ನೆಲ್ಲ ತಿಳಿದ ಮೆಕ್ಯಾನಿಕ್ಕನಿಂದ ಮಾಡಿಸಿ, ಮೊದಲು ನಿಧಾನ ವೇಗದಲ್ಲಿ ಪರೀಕ್ಷಿಸಿ, ಅನಂತರವೇ ಪಂದ್ಯಕ್ಕೆ ಇಳಿಯಬೇಕು.

ಇನ್ನು ನಮ್ಮ ಮನೆಯ ಗಾಡಿಯ ಮಾತು. ಅದರಲ್ಲಿಯೂ ಸಾಮಾನ್ಯವಾಗಿ ಇದೇ ಬೂಸ್ಟರು ಇರುತ್ತದೆ. ಡೀಸೆಲ್ ಗಾಡಿಯಲ್ಲಿ ಎಂಜಿನ್ನಿನ ಹೀರುವಿಕೆ ಸಾಲದೆಂದು ಬೇರೆ ಪಂಪನ್ನೇ ಇಟ್ಟಿರುತ್ತಾರೆ. ಆ ಪಂಪನ್ನು ತಿರುಗಿಸುವುದೂ ಸಾಮಾನ್ಯವಾಗಿ ಎಂಜಿನ್ನೇ. ಆಗುಂಬೆಯನ್ನೋ ಚಾರ್ಮಾಡಿಯನ್ನೋ ಇಳಿಯುವಾಗ ನಾಲ್ಕು ಕಾಸಿನ ಎಣ್ಣೆ ಉಳಿಸಲು ಎಂಜಿನ್ನು ನಿಲ್ಲಿಸಿ ಗಾಡಿಯನ್ನು ಹಾಗೆಯೇ ಉರುಳಬಿಡುವ ಚಪಲ ಕೆಲವರಿಗೆ ಉಂಟು. ಎರಡು ತಿರುವಿನಲ್ಲಿ ಬ್ರೇಕು ಹಗುರವಾಗಿ ಹಿಡಿಯುತ್ತದೆ. ಮೂರನೆಯದಕ್ಕೋ ನಾಲ್ಕನೆಯದಕ್ಕೋ ಪೆಡಲು ಕಲ್ಲಾಗುತ್ತದೆ. ಬ್ರೇಕು ಕೆಟ್ಟಿರುವುದಿಲ್ಲ, ಗಾಳಿಯ ನೆರವನ್ನು ನಾವೇ ಕಡಿದುಹಾಕಿರುತ್ತೇವೆ. ಘಾಟಿಯಲ್ಲಿ ಎಂಜಿನ್ನು ನಡೆಯುತ್ತಿರಬೇಕು, ಕೆಳಗಿನ ಗೇರಿನಲ್ಲಿರಬೇಕು. ಮನೆಯಂಗಳದಲ್ಲಿಯೇ ತಿಂಗಳಿಗೊಮ್ಮೆ ಮೇಲೆ ಹೇಳಿದ ಮೊದಲ ಪರೀಕ್ಷೆಯನ್ನು ಮಾಡಿ ನೋಡುವುದಕ್ಕೆ ಅರ್ಧ ನಿಮಿಷ ಸಾಕು.

ಪೆಡಲು ಗಟ್ಟಿಯಾದಾಗ ಮನುಷ್ಯನಿಗೆ ಸಹಜವಾಗಿ ತೋಚುವುದು ಇನ್ನೂ ಜೋರಾಗಿ ತುಳಿಯುವುದು. ಆ ಕ್ಷಣಕ್ಕೆ ಬೇರೆ ಗತಿಯೂ ಇಲ್ಲ. ಆದರೆ ಗಾಡಿ ನಿಂತ ಮೇಲೆ ಕೇಳಬೇಕಾದ ಪ್ರಶ್ನೆ ಕಾಲಿನ ಬಲ ಸಾಲದೇ ಎಂಬುದಲ್ಲ; ಸನ್ನೆ, ದ್ರವ, ಗಾಳಿ ಈ ಮೂವರಲ್ಲಿ ಯಾರು ಕೈಬಿಟ್ಟರು ಎಂಬುದು. ಅದನ್ನು ಹುಡುಕಿ ಸರಿಪಡಿಸಿದ ಗಾಡಿಗೆ ಮಾತ್ರ ವೇಗವಾಗಿ ಓಡುವ ಅಧಿಕಾರ.